ವಿಜಯಪುರಕ್ಕೆ ಹೋದರೆ ಗೋಲಗುಂಬಜ್ ಒಂದೇ ನೋಡಿ ವಾಪಸ್ ಬರಬೇಡಿ

ನಮ್ಮ ಸೊಲ್ಲಾಪುರದ ಕಡೆಯವರಿಗೆ ವಿಜಯಪುರ ಅಂದ್ರೆ ಬೆಳಗ್ಗೆ ಹೋಗಿ ಸಂಜೆ ಬರುವ ಊರು. ಸುಮಾರು ನೂರು ಕಿಲೋಮೀಟರ್, ರಸ್ತೆ ಚೆನ್ನಾಗಿದೆ, ಭೀಮಾ ನದಿ ದಾಟಿದರೆ ಕರ್ನಾಟಕ. ಅದಕ್ಕೇ ಜಾಸ್ತಿ ಜನ ಗೋಲಗುಂಬಜ್ ಹತ್ತಿ, ಒಂದು ಕೂಗು ಹಾಕಿ, ಊಟ ಮಾಡಿ ಮನೆಗೆ ಬಂದುಬಿಡುತ್ತಾರೆ. ನಾವು ಈ ಸಲ ಶನಿವಾರ ರಾತ್ರಿ ಅಲ್ಲೇ ಉಳಿದು, ಭಾನುವಾರದ ಬೆಳಗ್ಗೆಯನ್ನು ಪೂರ್ತಿ ಕೋಟೆ ಗೋಡೆಗೇ ಇಟ್ಟುಕೊಂಡೆವು. ಅವ್ವ, ಮಕ್ಕಳು, ನಾವಿಬ್ಬರು. ಎಲ್ಲರಿಗೂ ತುಂಬಾ ಹಿಡಿಸಿದ್ದು ಅದೇ.

ಗೋಡೆ ನೋಡಲು ಆಟೋ ಬೇಡ, ಟಾಂಗಾ ಹಿಡಿಯಿರಿ. ಆಟೋದಲ್ಲಿ ಕೂತರೆ ತಲೆ ಬಗ್ಗಿಸಿ ಇಣುಕಬೇಕು, ಟಾಂಗಾದಲ್ಲಿ ಎತ್ತರದಲ್ಲಿ ಕೂತು ಆರಾಮಾಗಿ ನೋಡುತ್ತಾ ಹೋಗಬಹುದು, ಬೇಕಾದಲ್ಲಿ ನಿಲ್ಲಿಸಬಹುದು. ಹತ್ತುವ ಮೊದಲೇ ಎಲ್ಲೆಲ್ಲಿ ನಿಲ್ಲಬೇಕು ಅಂತ ಒಂದೊಂದಾಗಿ ಹೇಳಿ ಬಾಡಿಗೆ ಮಾತಾಡಿಕೊಳ್ಳಿ. ನಮಗೆ ಸಿಕ್ಕ ಟಾಂಗಾದ ಕಾಕಾ ತುಂಬಾ ಒಳ್ಳೆಯವರು. ಕುದುರೆಗೆ ಒಂದು ಏಟೂ ಹಾಕಲಿಲ್ಲ. ಅವ್ವ ಹತ್ತುವಾಗ ತಾವೇ ಕೆಳಗಿಳಿದು, "ಅವಸರ ಮಾಡಬ್ಯಾಡ್ರಿ ಅವ್ವಾರ, ಹಗೂರಕ ಕಾಲಿಡ್ರಿ" ಅಂತ ಕೈ ಕೊಟ್ಟರು.

ಈ ಗೋಡೆ ಇಲ್ಲಿನ ಸುಲ್ತಾನ ಒಂದನೇ ಅಲಿ ಆದಿಲಶಾಹ ಕಟ್ಟಿಸಿದ್ದು, 1565ರ ಸುಮಾರಿನದು. ಸುತ್ತಳತೆ ಹತ್ತು ಕಿಲೋಮೀಟರ್ ಹತ್ತಿರ, 96 ಬುರುಜು. ಒಬ್ಬೊಬ್ಬ ಸರದಾರನಿಗೆ ಒಂದೊಂದು ಭಾಗ ಕಟ್ಟಲು ವಹಿಸಿದ್ದರಂತೆ, ಹಾಗಾಗಿ ಕೆಲಸ ಎಲ್ಲ ಕಡೆ ಒಂದೇ ತರ ಇಲ್ಲ. ಇದನ್ನು ಮಕ್ಕಳಿಗೆ ಹೇಳಿದ್ದೇ ತಡ, ಕಲ್ಲಿನ ಸಾಲು ಎಲ್ಲಿ ಬದಲಾಗುತ್ತದೆ ಅಂತ ಹುಡುಕುವುದೇ ಅವರ ಆಟ ಆಯಿತು. ಕೆಲವು ಕಡೆ ಗೋಡೆ ಒಡೆದಿದೆ, ಗಿಡಗಂಟಿ ಬೆಳೆದು ಸಂದಿಯಲ್ಲಿ ಬೇರು ಇಳಿದಿವೆ. ನೋಡಿದರೆ ಸಂಕಟ ಆಗುತ್ತದೆ, ಯಾರಾದರೂ ಗಮನ ಕೊಡಲೇಬೇಕು. ದಕ್ಷಿಣದ ಫತೇ ದರವಾಜಾ, ಅಂದರೆ ಮನಗೂಳಿ ಅಗಸಿ, 1686ರಲ್ಲಿ ಔರಂಗಜೇಬ ಊರೊಳಗೆ ಬಂದ ಬಾಗಿಲು ಅಂತ ಹೇಳುತ್ತಾರೆ.

ಮಗಳು ನಾಲ್ಕನೇ ತರಗತಿ. ಮಹಾರಾಷ್ಟ್ರದ ಶಾಲೆಯಲ್ಲಿ ಆ ವರ್ಷ ಇತಿಹಾಸ ಅಂದ್ರೆ ಶಿವಾಜಿ ಮಹಾರಾಜರ ಪಾಠವೇ, ಆದಿಲಶಾಹಿ ಹೆಸರು ಬಾಯಿಪಾಠ. ಆ ಆದಿಲಶಾಹಿಯ ರಾಜಧಾನಿ ಇದೇ, ಶಿವಾಜಿಯ ತಂದೆ ಶಹಾಜಿ ರಾಜರು ಸರದಾರರಾಗಿದ್ದ ದರಬಾರು ಇದೇ ಊರಿನದು ಅಂದಾಗ ಅವಳು ಟಾಂಗಾದಿಂದ ಇಳಿದು ಗೋಡೆ ಮುಟ್ಟಿ ಬಂದಳು.

ಮುಲ್ಕ್ ಮೈದಾನ ಅನ್ನುವ ತೋಪಿಗೆ, ಅಂದರೆ ಹಳೆಯ ಫಿರಂಗಿಗೆ ಮಾತ್ರ ಸಾಕಷ್ಟು ಸಮಯ ಇಟ್ಟುಕೊಳ್ಳಿ. ಪಶ್ಚಿಮದ ಶೇರ್ಜಾ ಬುರುಜಿನ ಮೇಲಿದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಹದಿನಾಲ್ಕು ಅಡಿಗಿಂತ ಉದ್ದ, ತೂಕ 55 ಟನ್ ಅನ್ನುತ್ತಾರೆ. ದೂರದಿಂದ ಸುಮ್ನೆ ಕಪ್ಪು ಕೊಳವೆ. ಹತ್ತಿರ ಹೋಗಿ ಬಾಯಿ ನೋಡಿ: ಸಿಂಹದಂಥ ಪ್ರಾಣಿ ಬಾಯಿ ತೆರೆದಿದೆ, ಹಲ್ಲುಗಳ ನಡುವೆ ಒಂದು ಆನೆ ನಜ್ಜುಗುಜ್ಜಾಗುತ್ತಿದೆ. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಗುಂಡು ಹಾರಿಸುವವನು ಬತ್ತಿ ಹಚ್ಚಿ ಪಕ್ಕದ ನೀರಿನ ತೊಟ್ಟಿಯಲ್ಲಿ ತಲೆ ಮುಳುಗಿಸುತ್ತಿದ್ದ, ಇಲ್ಲದಿದ್ದರೆ ಕಿವಿ ಹೋಗುತ್ತಿತ್ತು ಅಂತ ಕಾಕಾ ಹೇಳಿದ ಕತೆ ಮಗನಿಗೆ ಮನೆಗೆ ಬಂದ ಮೇಲೂ ಬಾಯಲ್ಲಿದೆ. 1854ರಲ್ಲಿ ಇದನ್ನು ಹರಾಜಿಗೆ ಇಟ್ಟಿದ್ದರು, ಬಂದ ಬೆಲೆ ಬರೀ 150 ರೂಪಾಯಿ. ಅದು ತೀರಾ ಕಡಿಮೆ ಆಯಿತು ಅಂತ ಮಾರಲಿಲ್ಲ. ಪುಣ್ಯಕ್ಕೆ ಉಳಿಯಿತು, ಅಲ್ವಾ?

ಉಪ್ಪಲಿ ಬುರುಜಿನ ಮೆಟ್ಟಿಲು ಹೊರಗಡೆಯಿಂದ ಸುತ್ತಿಕೊಂಡು ಹೋಗುತ್ತವೆ. ಸಣ್ಣ ಮಕ್ಕಳ ಕೈ ಬಿಡಬೇಡಿ. ಅವ್ವ ಕೆಳಗೇ ಕೂತರು. ಮೇಲೆ ಹೋದರೆ ಇಡೀ ಊರು ಕಾಣುತ್ತದೆ.

ಗೋಲಗುಂಬಜ್ ಬಿಡಿ ಅಂತಲ್ಲ, ಖಂಡಿತ ನೋಡಿ. ಆದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಶನಿವಾರ ಮಧ್ಯಾಹ್ನ ನಾವು ಮೇಲೆ ಹತ್ತಿದಾಗ ಶಾಲೆ ಮಕ್ಕಳ ಗದ್ದಲ, ಸಿಳ್ಳೆ, ಚಪ್ಪಾಳೆ. ಪಿಸುಮಾತು ಆಚೆ ಬದಿಗೆ ಕೇಳಿಸುವ ಜಾಗದಲ್ಲಿ ಪಕ್ಕದವರ ಮಾತೂ ಕೇಳಿಸಲಿಲ್ಲ. ಮೊಮ್ಮಗಳ ಪಿಸುಮಾತು ಕೇಳಬೇಕು ಅಂತ ಅವ್ವ ಅಷ್ಟು ಮೆಟ್ಟಿಲು ಹತ್ತಿದ್ದರು, ಅದು ಆಗಲಿಲ್ಲ ಅಂತ ನನಗೆ ತುಂಬಾ ಬೇಜಾರಾಯಿತು. ಟಿಕೆಟ್ ದುಬಾರಿ ಏನಲ್ಲ, ಹದಿನೈದು ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ.

ಉಳಿದ ಲಾಡ್ಜ್ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಬಿಸಿನೀರು ಬರುತ್ತದೆ ಅಂದಿದ್ದರು, ಬರಲಿಲ್ಲ. ನೀವು ದುಡ್ಡು ಕೊಡುವ ಮೊದಲೇ ನಲ್ಲಿ ತಿರುಗಿಸಿ ನೋಡಿ. ಊಟ ಮಾತ್ರ ಹೊಟ್ಟೆ ತುಂಬಾ ಆಯಿತು: ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಶೇಂಗಾ ಚಟ್ನಿ ನಮ್ಮ ಸೊಲ್ಲಾಪುರದ್ದೇ ಮೇಲು ಅಂತ ಅವ್ವನ ತೀರ್ಮಾನ, ನನಗೂ ಹಾಗೇ ಅನಿಸಿತು.

ಹೋಗುವುದಾದರೆ ನವೆಂಬರಿಂದ ಫೆಬ್ರವರಿ ಒಳಗೆ ಹೋಗಿ. ಬುರುಜಿನ ಮೇಲೆ ನೆರಳಿಲ್ಲ, ಕುಡಿಯುವ ನೀರೂ ನಮಗೆ ಎಲ್ಲೂ ಸಿಗಲಿಲ್ಲ, ಬಾಟಲಿ ತುಂಬಿಸಿಕೊಂಡೇ ಟಾಂಗಾ ಹತ್ತಿ.