ಶಿವಮೊಗ್ಗದಲ್ಲಿ ಪರದೆ ಎಳೆದು ಆಂಪ್ಲಿಫೈಯರ್ ಕೇಳಿಸುವ ಅಂಗಡಿ

ದುರ್ಗಿಗುಡಿಯ ಈ ಆಡಿಯೋ ಅಂಗಡಿ ತುಂಬಾ ಚಿಕ್ಕದು. ಆದರೂ ಆಂಪ್ಲಿಫೈಯರ್‌ಗೆ ದುಡ್ಡು ಹಾಕುವ ಮೊದಲು ಒಂದ್ಸಲ ಇಲ್ಲಿ ಕೂತು ಕೇಳಿ ಅಂತ ತೀರ್ಥಹಳ್ಳಿ, ಸಾಗರ ಕಡೆಯ ನಮ್ಮವರಿಗೆಲ್ಲ ಹೇಳುತ್ತಿದ್ದೇನೆ. ಇಲ್ಲಿ ಸೆಟ್ಟುಗಳನ್ನು ಪರದೆ ಹಿಂದೆ ಇಟ್ಟು ಕೇಳಿಸುತ್ತಾರೆ.

ಅದಕ್ಕೂ ಮೊದಲು ಮಾಡುವ ಕೆಲಸ ನನಗೆ ಇನ್ನೂ ಹಿಡಿಸಿತು. ಒಂದೇ ಸಮನೆ ಕೂಗುವ ಟೋನ್ ಹಾಕಿ, ಸ್ಪೀಕರ್ ವೈರಿನ ತುದಿಗೆ ಮಲ್ಟಿಮೀಟರ್ ಹಿಡಿಯುತ್ತಾರೆ. ಒಂದು ಆಂಪ್ಲಿಫೈಯರ್ 2.83 ವೋಲ್ಟ್ ತೋರಿಸಿದರೆ, ಇನ್ನೊಂದರ ವಾಲ್ಯೂಮನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಅಲ್ಲಿಗೇ ತಂದು ನಿಲ್ಲಿಸುತ್ತಾರೆ. 2.86 ದಾಟಿದರೆ ಮತ್ತೆ ಮೊದಲಿಂದ. ಸದ್ದಿನ ಲೆಕ್ಕದಲ್ಲಿ ಆ ವ್ಯತ್ಯಾಸ ಬರೀ 0.1 ಡೆಸಿಬೆಲ್! ಇಷ್ಟು ಕಟ್ಟುನಿಟ್ಟು ಬೇಕೇ ಬೇಕು. ಒಂಚೂರು ಜಾಸ್ತಿ ಇರುವ ವಾಲ್ಯೂಮ್ ಕಿವಿಗೆ ಜೋರು ಅನಿಸುವುದಿಲ್ಲ, ಚೆನ್ನಾಗಿದೆ ಅನಿಸುತ್ತದೆ. ಬೇರೆ ಕಡೆ ದುಬಾರಿ ಸೆಟ್ಟನ್ನು ಹೀಗೇ ಏರಿಸಿ ಕೇಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಹಾಡು ನಮ್ಮದೇ ಒಯ್ಯಬಹುದು. ನಾನು ಪೆನ್‌ಡ್ರೈವ್‌ನಲ್ಲಿ ಬಡಗುತಿಟ್ಟಿನ ಯಕ್ಷಗಾನದ ರೆಕಾರ್ಡಿಂಗ್ ಒಯ್ದಿದ್ದೆ. ಚಂಡೆಯ ಪೆಟ್ಟು, ಅದರಡಿ ಮದ್ದಳೆಯ ಗುಂಯ್, ಮೇಲೆ ಭಾಗವತರ ಏರುದನಿ. ಪರೀಕ್ಷೆಗೆ ಇನ್ನೇನು ಬೇಕು? ಒಳಗೆ ನಾಣ್ಯ ಚಿಮ್ಮಿ ಯಾವ ಸೆಟ್ಟು ಅಂತ ತೀರ್ಮಾನಿಸುತ್ತಾರೆ. ಓಡಿದ್ದು ಯಾವುದು ಅಂತ ನಾವು ಚೀಟಿಯಲ್ಲಿ ಬರೆಯಬೇಕು. ಸುಮ್ನೆ ಊಹಿಸಿದರೂ ಹೆಚ್ಚುಕಮ್ಮಿ ಅರ್ಧ ಸರಿ ಬರುತ್ತದೆ, ಅಲ್ವಾ? ಅದಕ್ಕೇ 16 ಸಲಕ್ಕೆ 12 ಸರಿಯಾದರೆ ಮಾತ್ರ ವ್ಯತ್ಯಾಸ ಕೇಳಿಸಿದೆ ಅಂತ ಒಪ್ಪುತ್ತಾರೆ. ಬರೀ ಅದೃಷ್ಟದಲ್ಲಿ ಅಷ್ಟು ಬರುವ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ.

ಎರಡು ಆಂಪ್ಲಿಫೈಯರ್‌ಗಳ ನಡುವೆ ನನ್ನ ಚೀಟಿ ಆ ಗಡಿ ಮುಟ್ಟಲಿಲ್ಲ. ರೇಟಿನಲ್ಲಿ ಮೂರು ಪಟ್ಟು ವ್ಯತ್ಯಾಸ! ಮನೆಯ ಕೋಣೆಗೆ ಸಾಕಾಗುವಷ್ಟು ವಾಲ್ಯೂಮಿನಲ್ಲಿ ಕೇಳಿದ್ದು, ಎರಡಕ್ಕೂ ಒತ್ತಡ ಬಿದ್ದಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಸ್ಪೀಕರ್ ಬದಲಿಸಿದಾಗ ಮಾತ್ರ ಮದ್ದಳೆಯೇ ಬೇರೆ ಅನ್ನುವಂತಾಯಿತು, ಅಲ್ಲಿ ಅನುಮಾನವೇ ಬರಲಿಲ್ಲ. ಅಗ್ಗದ ಆಂಪ್ಲಿಫೈಯರ್ ತಗೊಂಡು ಉಳಿದ ದುಡ್ಡನ್ನು ಸ್ಪೀಕರಿಗೆ ಹಾಕಿದೆ. ಆ ಸ್ಪೀಕರುಗಳನ್ನು ಕೂಡ ಪರದೆ ಹಿಂದೆ ಒಂದೇ ಜಾಗದಲ್ಲಿ ಇಟ್ಟು ಕೇಳಿಸಿದರು. ಗೋಡೆಗೆ ಹತ್ತಿರವಾದರೆ ಬೇಸ್ ಏರುತ್ತದೆ, ಹೋಲಿಕೆ ಕೆಡುತ್ತದೆ. 1994ರಲ್ಲೇ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ಎಂಬ ಆಡಿಯೋ ಸಂಶೋಧಕರು ಸ್ಪೀಕರುಗಳನ್ನು ಒಮ್ಮೆ ತೋರಿಸಿ, ಒಮ್ಮೆ ಮರೆಮಾಡಿ ಕೇಳಿಸಿದ್ದರು. ಕಣ್ಣಿಗೆ ಕಂಡಾಗ ಜನ ಕೊಟ್ಟ ಅಂಕಗಳೇ ಬೇರೆಯಾಗಿದ್ದವು.

ಒಂದು ಕೊರತೆ ಇದೆ. ಸೆಟ್ಟು ಬದಲಿಸುವ ಹುಡುಗ ಪ್ರತಿ ಸಲ ಹೊರಗೆ ಬಂದು "ಹೇಳಿ ಸಾರ್" ಅನ್ನುತ್ತಾನೆ. ಯಾವುದು ಓಡಿತು ಅಂತ ಅವನಿಗೆ ಗೊತ್ತು. ಮುಖದಲ್ಲೇ ಸುಳಿವು ಸಿಗಬಹುದು. "ಒಳಗೇ ಇರು ಮಾರಾಯ" ಅಂದೆ, ಒಪ್ಪಿಕೊಂಡ. ನೀವೂ ಹಾಗೇ ಹೇಳಿ.

ಇದೇ ಅಂಗಡಿಯ ಟಿವಿಗಳಿಗೆ ಈ ನ್ಯಾಯ ಇನ್ನೂ ಸಿಕ್ಕಿಲ್ಲ. ಎಲ್ಲವೂ ಬಣ್ಣ, ಬೆಳಕು ಏರಿಸಿ ತೋರಿಸುವ ವಿವಿಡ್ ಮೋಡ್‌ನಲ್ಲಿ, ಟ್ಯೂಬ್‌ಲೈಟ್ ಕೆಳಗೆ ಉರಿಯುತ್ತಿರುತ್ತವೆ. ಮೂವಿ ಮೋಡ್‌ಗೆ ಹಾಕಿಸಿ, ಬ್ರೈಟ್‌ನೆಸ್ ಸಮ ಮಾಡಿಸಿ, ಲೈಟ್ ಆರಿಸಿ ನೋಡಿ. ಕೇಳಿದರೆ ಬೇಸರಿಲ್ಲದೆ ಮಾಡಿಕೊಡುತ್ತಾರೆ. ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಸಂಜೆ ರಸ್ತೆಯ ಗದ್ದಲ ಒಳಗೆ ನುಗ್ಗುತ್ತದೆ.