ಈಸ್ಟ್ ಕೈಪಿಡಿ: ನಾಲ್ಕರಲ್ಲಿ ಮೊದಲನೆಯದಕ್ಕೇ ಹೆಚ್ಚು ತೂಕ

ಸರ್ಕಾರಿ ನೋಟಿಸು, ಅರ್ಜಿ ನಮೂನೆ, ನೆನಪೋಲೆ ಸಿದ್ಧಪಡಿಸುವವರಿಗಾಗಿ ಜನರ ನಡವಳಿಕೆಯ ಅರಿವನ್ನು ಸರ್ಕಾರಿ ಕೆಲಸಕ್ಕೆ ಬಳಸುವ ಬ್ರಿಟನ್ನಿನ ಬಿಹೇವಿಯರಲ್ ಇನ್‌ಸೈಟ್ಸ್ ಟೀಮ್ 2014ರಲ್ಲಿ ಹೊರತಂದ ಉಚಿತ ಕೈಪಿಡಿ ಈಸ್ಟ್. ಈಸಿ, ಅಟ್ರಾಕ್ಟಿವ್, ಸೋಶಿಯಲ್, ಟೈಮ್ಲಿ ಎಂಬ ನಾಲ್ಕು ಮಾತುಗಳ ಮೊದಲಕ್ಷರ ಸೇರಿ ಈ ಹೆಸರು. ಜನರಿಂದ ಒಂದು ಕೆಲಸ ಆಗಬೇಕಾದರೆ ಅದನ್ನು ಸುಲಭ ಮಾಡಿ, ಕಣ್ಣಿಗೆ ಬೀಳುವಂತೆ ಮಾಡಿ, ಉಳಿದವರು ಏನು ಮಾಡುತ್ತಿದ್ದಾರೆಂದು ತಿಳಿಸಿ, ಹೊತ್ತು ನೋಡಿ ಹೇಳಿ. ತಿರುಳು ಇಷ್ಟೇ. ಈ ತಂಡ 2010ರಲ್ಲಿ ಕ್ಯಾಬಿನೆಟ್ ಕಚೇರಿಯೊಳಗೆ ಶುರುವಾಯಿತು. ಅದೇ ವರ್ಷ ಬಂದ ಮೈಂಡ್‌ಸ್ಪೇಸ್ ವರದಿಯಲ್ಲಿ ಜನರ ನಡವಳಿಕೆಯ ಮೇಲೆ ಪ್ರಭಾವ ಬೀರುವ ಒಂಬತ್ತು ಅಂಶಗಳಿದ್ದವು. ಒಂಬತ್ತನ್ನೂ ನೆನಪಿಟ್ಟುಕೊಂಡು ಕರಡು ತಿದ್ದುವ ಅಧಿಕಾರಿ ಎಲ್ಲಿ ಸಿಗುತ್ತಾರೆ? ನಾಲ್ಕಕ್ಕೆ ಇಳಿಸಿದ್ದು ಜಾಣತನ.

ಕೈಪಿಡಿಯ ಜೀವಾಳ ಮೊದಲ ಅಧ್ಯಾಯ, ‘ಸುಲಭ’. ತೆರಿಗೆ ಪತ್ರದಲ್ಲಿ ನಮೂನೆ ಇರುವ ಪುಟದ ವಿಳಾಸ ಕೊಡುವ ಬದಲು ನೇರವಾಗಿ ನಮೂನೆಯ ವಿಳಾಸವನ್ನೇ ಕೊಟ್ಟಾಗ ಸ್ಪಂದಿಸಿದವರು ಶೇ. 19ರಿಂದ 23ಕ್ಕೆ ಏರಿದರು. ಒಂದೇ ಒಂದು ಕ್ಲಿಕ್ಕಿನ ಉಳಿತಾಯ. ಪಿಂಚಣಿಯ ಉದಾಹರಣೆ ಇನ್ನೂ ದೊಡ್ಡದು: 2012ರಲ್ಲಿ ದೊಡ್ಡ ಕಂಪನಿಗಳ ನೌಕರರನ್ನು ತಾನಾಗಿಯೇ ಯೋಜನೆಗೆ ಸೇರಿಸಿ, ಬೇಡವೆಂದವರು ಹೊರಹೋಗಬಹುದು ಎಂದಾಗ ಭಾಗವಹಿಸುವವರ ಪ್ರಮಾಣ ಶೇ. 61ರಿಂದ 83ಕ್ಕೆ ಹೋಯಿತು.

ಆದರೆ ಡಿಫಾಲ್ಟ್ (ಏನನ್ನೂ ಆರಿಸದಿದ್ದರೆ ತಾನಾಗಿ ಅನ್ವಯವಾಗುವ ಆಯ್ಕೆ) ಎಂಬುದಕ್ಕೆ ಎರಡು ಅಲಗು. ಜನ ಒಳಗೆ ಬಂದಷ್ಟೇ ಸಲೀಸಾಗಿ, ನಾವು ಇಟ್ಟ ಮೊತ್ತದಲ್ಲೇ ಕೂತುಬಿಡುತ್ತಾರೆ. ಅಮೆರಿಕದ ಒಂದು ಕಂಪನಿಯ ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿತ್ತು: ನಿವೃತ್ತಿ ಉಳಿತಾಯಕ್ಕೆ ಡಿಫಾಲ್ಟ್ ವಂತಿಗೆ ಸಂಬಳದ ಶೇ. 3 ಎಂದಿದ್ದಾಗ ಬಹಳ ಮಂದಿ ಅಲ್ಲೇ ಉಳಿದರು, ತಾವಾಗಿ ಆರಿಸಿಕೊಂಡಿದ್ದರೆ ಹೆಚ್ಚು ಕಟ್ಟುತ್ತಿದ್ದವರೂ ಸಹ. ಹಾಗಾಗಿ ‘ಸೇರಿಸಬೇಕೇ’ ಎಂಬುದಕ್ಕಿಂತ ‘ಎಷ್ಟಕ್ಕೆ ಸೇರಿಸಬೇಕು’ ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು.

‘ಆಕರ್ಷಕ’ ಭಾಗ ಎಲ್ಲರಿಗೂ ಇಷ್ಟವಾಗುತ್ತದೆ, ಎಡವುವುದೂ ಅಲ್ಲೇ. ಚಿತ್ರ ಹಾಕಿದರೆ ಗಮನ ಸೆಳೆಯುತ್ತದೆ ಎಂದು ನಂಬಿದವರು ಇದೇ ತಂಡದ ಅಂಗದಾನ ನೋಂದಣಿ ಪ್ರಯೋಗವನ್ನು ನೋಡಬೇಕು. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮೇಲೆ ಎಂಟು ಬಗೆಯ ವೆಬ್ ಪುಟಗಳನ್ನು ಹೋಲಿಸಿದರು. ನಗುವ ಜನರ ಗುಂಪಿನ ಫೋಟೋ ಇದ್ದ ಪುಟ, ಏನೂ ಸೇರಿಸದ ಮೂಲ ಪುಟಕ್ಕಿಂತಲೂ ಕಡಿಮೆ ನೋಂದಣಿ ತಂದಿತು. ಗೆದ್ದದ್ದು ‘ನಿಮಗೆ ಅಂಗ ಕಸಿ ಬೇಕಾದರೆ ಪಡೆಯುತ್ತೀರಾ? ಹಾಗಿದ್ದರೆ ಇತರರಿಗೂ ನೆರವಾಗಿ’ ಎಂಬರ್ಥದ ಬರಿಯ ಮಾತು.

‘ಸಾಮಾಜಿಕ’ ಭಾಗದ ಪ್ರಸಿದ್ಧ ವಾಕ್ಯ ತೆರಿಗೆ ಪತ್ರದ್ದು: ಹತ್ತರಲ್ಲಿ ಒಂಬತ್ತು ಮಂದಿ ಸಮಯಕ್ಕೆ ಕಟ್ಟುತ್ತಾರೆ, ಕಟ್ಟದ ತೀರಾ ಚಿಕ್ಕ ಗುಂಪಿನಲ್ಲಿ ನೀವಿದ್ದೀರಿ. ಎರಡನೆಯ ಅರ್ಧ ಸೇರಿದಾಗಲೇ ಪರಿಣಾಮ ಅತಿ ಹೆಚ್ಚು: 23 ದಿನಗಳೊಳಗೆ ಕಟ್ಟಿದವರ ಪ್ರಮಾಣ ಸುಮಾರು 5 ಪರ್ಸೆಂಟೇಜ್ ಪಾಯಿಂಟ್ ಏರಿತು. ಇದನ್ನು ನಕಲು ಮಾಡುವ ಮುನ್ನ ನಿಮ್ಮ ಅಂಕಿ ನೋಡಿಕೊಳ್ಳಿ. ಕಟ್ಟುವವರು ಶೇ. 40 ಮಾತ್ರ ಇದ್ದರೆ, ಅದನ್ನು ಹೇಳುವುದೆಂದರೆ ಕಟ್ಟದಿರುವುದೇ ವಾಡಿಕೆ ಎಂದು ಸಾರಿದಂತೆ. ಅಂಕಿ ತಿರುಚುವ ಯೋಚನೆಯಂತೂ ಬೇಡವೇ ಬೇಡ.

‘ಸಕಾಲಿಕ’ದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ದಂಡ ವಸೂಲಿಗೆ ಜಪ್ತಿ ಸಿಬ್ಬಂದಿ ಮನೆಗೆ ಹೋಗುವ 10 ದಿನ ಮುಂಚೆ ಮೊಬೈಲಿಗೆ ಒಂದು ಸಂದೇಶ ಕಳಿಸಿದ್ದಕ್ಕೆ ಪಾವತಿಯ ಮೊತ್ತ ಇಮ್ಮಡಿಯಾಯಿತೆಂಬ ಉದಾಹರಣೆ ಸಾಕು.

ಇನ್ನು ಕೊರತೆ. ಕೈಪಿಡಿಯ ಕೊನೆಯಲ್ಲಿ ನಾಲ್ಕು ಹಂತಗಳಿವೆ: ಗುರಿ ನಿರ್ಧರಿಸಿ, ಸಂದರ್ಭ ಅರಿಯಿರಿ, ಪರಿಹಾರ ಕಟ್ಟಿ, ಪರೀಕ್ಷಿಸಿ ಕಲಿಯಿರಿ. ಕೊನೆಯ ಹಂತಕ್ಕೆ ಕೊಟ್ಟ ಜಾಗ ಸಾಲದು. ಮೇಲಾಗಿ ಪುಟಪುಟದಲ್ಲೂ ಗೆದ್ದ ಪ್ರಯೋಗಗಳದ್ದೇ ಮೆರವಣಿಗೆ. 2022ರಲ್ಲಿ ಸಂಶೋಧಕರಾದ ಡೆಲ್ಲಾವಿನ್ಯಾ ಮತ್ತು ಲಿನೋಸ್ ಅಮೆರಿಕದ ಎರಡು ನಡ್ಜ್ ಘಟಕಗಳು (ಬಲವಂತವಿಲ್ಲದ ಸಣ್ಣ ಬದಲಾವಣೆಗಳಿಂದ ಜನರನ್ನು ಒಂದು ಆಯ್ಕೆಯತ್ತ ಒಲಿಸುವ ತಂಡಗಳು) ಮಾಡಿದ ಎಲ್ಲ 126 ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಎರಡರಲ್ಲಿ ಒಂದು ಇದೇ ಸಂಸ್ಥೆಯ ಅಮೆರಿಕ ಶಾಖೆ. ಸಂಶೋಧನಾ ಪತ್ರಿಕೆಗಳಲ್ಲಿ ಪ್ರಕಟವಾದ ಅಧ್ಯಯನಗಳ ಸರಾಸರಿ ಏರಿಕೆ 8.7 ಪಾಯಿಂಟ್ ಇದ್ದರೆ, ಘಟಕಗಳದ್ದು 1.4. ಪ್ರಯೋಜನವಿಲ್ಲ ಎಂದಲ್ಲ, ಅಂಚೆ ಖರ್ಚಿನಲ್ಲೇ 1.4 ಪಾಯಿಂಟ್ ಸಿಕ್ಕರೆ ಅಗ್ಗವೇ. ಆದರೆ ಯೋಜನೆ ಹಾಕುವಾಗ 5 ಪಾಯಿಂಟ್ ನಂಬಿಕೊಂಡರೆ ಕೆಟ್ಟಿತು.

ಯಾಕೆಂದರೆ ಮಾದರಿಯ ಗಾತ್ರ ಅದರ ಮೇಲೆ ನಿಂತಿದೆ. ಈಗ ಶೇ. 20 ಜನ ಸ್ಪಂದಿಸುತ್ತಿದ್ದಾರೆ ಎನ್ನಿ. ಅದು 25ಕ್ಕೆ ಏರಿದ್ದನ್ನು ಶೇ. 80ರಷ್ಟು ಖಾತ್ರಿಯಿಂದ ಹಿಡಿಯಲು ಪ್ರತಿ ಗುಂಪಿಗೆ (ಹಳೆ ಪತ್ರ ಪಡೆಯುವವರದ್ದೊಂದು, ಹೊಸದು ಪಡೆಯುವವರದ್ದೊಂದು) ಸುಮಾರು 1,100 ಜನ ಸಾಕು. 21.4ಕ್ಕೆ ಏರಿದ್ದನ್ನು ಹಿಡಿಯಲು ಸುಮಾರು 13,000 ಬೇಕು. ಸಾವಿರ ಪತ್ರ ಕಳಿಸಿ ‘ಪರಿಣಾಮವಿಲ್ಲ’ ಎಂದು ಕಡತ ಮುಚ್ಚುವುದು ಇದರಿಂದಲೇ.

ಇನ್ನೂ ಕೆಲವು ಎಡವಟ್ಟುಗಳು ಪದೇ ಪದೇ ಕಾಣುತ್ತವೆ. ಗುಂಪು ಮಾಡುವಾಗ ಒಂದು ಜಿಲ್ಲೆಗೆ ಹಳೆ ಪತ್ರ, ಇನ್ನೊಂದಕ್ಕೆ ಹೊಸದು ಎಂದರೆ ನೀವು ಅಳೆಯುವುದು ಜಿಲ್ಲೆಗಳ ವ್ಯತ್ಯಾಸವನ್ನು. ಚೀಟಿ ಎತ್ತಿದಂತೆ ಕಂಪ್ಯೂಟರ್ ಆರಿಸಬೇಕು. ಒಂದೇ ಮನೆಯ ಇಬ್ಬರಿಗೆ ಎರಡು ಬಗೆಯ ಪತ್ರ ಹೋಗಬಾರದು, ಮನೆಯನ್ನೇ ಘಟಕವಾಗಿ ಹಿಡಿಯಿರಿ. ಎರಡೂ ಬಗೆಯವು ಒಂದೇ ದಿನ ಅಂಚೆಗೆ ಬೀಳಲಿ. ತಲುಪದೆ ಮರಳಿದ ಪತ್ರಗಳನ್ನೂ ಲೆಕ್ಕದಿಂದ ತೆಗೆಯಬೇಡಿ. ಅಳತೆ ಕ್ಲಿಕ್ಕಿನದ್ದಲ್ಲ, ತುಂಬಿ ಸಲ್ಲಿಸಿದ ನಮೂನೆಯದ್ದು ಅಥವಾ ಕಟ್ಟಿದ ಹಣದ್ದು.

ವರ್ಷಕ್ಕೆ ಲಕ್ಷಗಟ್ಟಲೆ ಪತ್ರ ಕಳಿಸುವ ಇಲಾಖೆಗೆ ಈ ಕೈಪಿಡಿಯ ಜೊತೆ ಇದೇ ತಂಡ ಭಾಗಿಯಾಗಿ 2012ರಲ್ಲಿ ತಂದ ‘ಟೆಸ್ಟ್, ಲರ್ನ್, ಅಡಾಪ್ಟ್’ ಕೂಡ ಬೇಕು. ಪ್ರಯೋಗದ ಹಂತಗಳು ಅದರಲ್ಲಿ ಬಿಡಿಬಿಡಿಯಾಗಿವೆ. ತಿಂಗಳಿಗೆ ಮುನ್ನೂರು ಪತ್ರ ಹೋಗುವ ಸಣ್ಣ ಕಚೇರಿ ಪ್ರಯೋಗದ ಗೋಜಿಗೇ ಹೋಗಬೇಕಿಲ್ಲ: ‘ಸುಲಭ’ದ ಅಧ್ಯಾಯ ಓದಿ, ಮಾಡಬೇಕಾದ ಕೆಲಸವನ್ನು ಪತ್ರದ ಮೊದಲ ಸಾಲಿಗೆ ತಂದು, ನಮೂನೆಯ ನೇರ ವಿಳಾಸ ಕೊಟ್ಟು, ಅಂಚೆಗೆ ಹಾಕಿದರಾಯಿತು.