ಒಂದು ‘ವಾ’ ಅನ್ನುತ್ತದೆ, ಇನ್ನೊಂದು ‘ವ್ಯಾ’ ಅನ್ನುತ್ತದೆ

ತುಟಿ ಗುಂಡಗೆ ಮಾಡಿ ‘ಊ’ ಅನ್ನಿ. ದನಿ ನಿಲ್ಲಿಸದೆ ಹಾಗೇ ‘ಆ’ಗೆ ಬನ್ನಿ. ಬಂತಲ್ಲ, ಅದೇ ವಾ. ಗಿಟಾರಿನ ವಾ ಪೆಡಲ್ ಮಾಡುವುದೂ ಇಷ್ಟೇ. ಹಿಮ್ಮಡಿ ಒತ್ತಿದರೆ ಊ, ಮುಂಗಾಲು ಒತ್ತಿದರೆ ಆ. ಒಳಗಿನ ಫಿಲ್ಟರ್ ಸದ್ದಿನ ಒಂದು ಪಟ್ಟಿಯನ್ನು ಮಾತ್ರ ಎತ್ತಿ ಕೇಳಿಸುತ್ತದೆ. ಕಾಲು ಆಡಿದ ಹಾಗೆ ಆ ಪಟ್ಟಿ ಮೇಲೆ ಕೆಳಗೆ ಸರಿಯುತ್ತದೆ.

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಈ ಮಳೆಗಾಲ ಹಳೇ ಶೈಲಿಯ ಎರಡು ವಾ ಪೆಡಲ್ ಅಕ್ಕಪಕ್ಕ ಇಟ್ಟುಕೊಂಡು ನುಡಿಸಿದೆ. ಡನ್‌ಲಪ್ ಕ್ರೈ ಬೇಬಿ ಕ್ಲಾಸಿಕ್ ನನ್ನದು. ವಾಕ್ಸ್ ವಿ847-ಎ ಮುಲುಂಡಿನ ಗೆಳೆಯನದು, ಎರಡು ವಾರಕ್ಕೆ ಅಂತ ತಂದಿದ್ದು.

ಇವೆರಡೂ ದಾಯಾದಿಗಳು. 1966ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರಾಡ್ ಪ್ಲಂಕೆಟ್ ಅನ್ನುವ ಇಂಜಿನಿಯರ್, ವಾಕ್ಸ್ ಆಂಪ್‌ನ (ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್) ಮಿಡ್ ಬೂಸ್ಟ್ ಸ್ವಿಚ್, ಅಂದರೆ ನಡುವಿನ ಸದ್ದನ್ನು ಎತ್ತುವ ಸ್ವಿಚ್, ತೆಗೆದು ಆ ಜಾಗಕ್ಕೆ ರೇಡಿಯೋ ವಾಲ್ಯೂಮ್ ಗುಂಡಿಯ ಹಾಗೆ ತಿರುಗಿಸುವ ಪಾಟ್ ಹಾಕಲು ಹೋದ. ತಿರುಗಿಸಿದಾಗ ಬಂದ ಸದ್ದು ಎಲ್ಲರಿಗೂ ಹಿಡಿಸಿತು. ಅದನ್ನೇ ಆರ್ಗನ್ನಿನ ವಾಲ್ಯೂಮ್ ಪೆಡಲ್ ಒಳಗೆ ಕೂರಿಸಿದರು. ಮರುವರ್ಷ ಕ್ಲೈಡ್ ಮೆಕಾಯ್ ಅನ್ನುವ ಟ್ರಂಪೆಟ್ ವಾದಕನ ಹೆಸರಲ್ಲಿ ಮಾರಾಟಕ್ಕೆ ಬಂತು. ವಾಕ್ಸ್ ಆಮೇಲೆ ಒಂದು ಮನೆ, ಕ್ರೈ ಬೇಬಿ ಇನ್ನೊಂದು ಮನೆ.

ಮೊದಲು ಸಿಂಗಲ್ ಕಾಯಿಲ್ ಗಿಟಾರ್, 15 ವಾಟ್‌ನ ಆಂಪ್, ಮಧ್ಯೆ ಬೇರೇನೂ ಇಲ್ಲ. ವಾಕ್ಸ್ ನನ್ನ ಕಿವಿಗೆ ನಿಜಕ್ಕೂ ‘ವಾ’ ಅಂದಿತು. ಕೆಳಗೆ ಗುಂಡಗಿನ ದನಿ, ಮೇಲೆ ಹೋದರೂ ಮೆತ್ತಗೆ. ಕ್ರೈ ಬೇಬಿ ‘ವ್ಯಾ’ ಅಂದಿತು, ನಡುವೆ ಒಂದು ಯಕಾರ ನುಸುಳಿದ ಹಾಗೆ. ಅದರೊಳಗೆ ಫಾಸೆಲ್ ಅನ್ನುವ ಇಂಡಕ್ಟರ್ ಇದೆ, ಕೆಂಪು ಬಣ್ಣದ ಪುಟ್ಟ ಸುರುಳಿ. ಗಿಟಾರಿನವರು ಇಂಡಕ್ಟರ್ ವಿಷಯಕ್ಕೆ ಜಗಳ ಆಡುವಷ್ಟು ಭಕ್ತಿ ಇಟ್ಟಿದ್ದಾರೆ. ನಾನು ಅಷ್ಟು ದೂರ ಹೋಗಲ್ಲ. ಪೆಡಲನ್ನು ಅರ್ಧಕ್ಕೆ ನಿಲ್ಲಿಸಿ, ಆಡಿಸದೆ ಸುಮ್ನೆ ಒಂದು ಸೋಲೋ ನುಡಿಸಿ ನೋಡಿ. ವ್ಯತ್ಯಾಸ ಗೊತ್ತಾಗುವುದು ಅಲ್ಲಿ. ಕ್ರೈ ಬೇಬಿ ಮೂಗಲ್ಲಿ ಹಾಡುತ್ತದೆ, ವಾಕ್ಸ್ ಗಂಟಲಲ್ಲಿ.

ಯಾವುದು ಯಾವುದೆಂದು ಹೇಳದೆ ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಎರಡನ್ನೂ ಕೇಳಿಸಿದೆ. ಉಡುಪಿ ಕಡೆಯವರು, ಮುಲಾಜಿಲ್ಲ. “ಆಗಿನದ್ದು ಮೆತ್ತಗಿತ್ತು ಮಾರಾಯ, ಅದನ್ನೇ ಬಾರ್ಸು. ಇದಕ್ಕೆ ಸ್ವಲ್ಪ ಗಡಿಬಿಡಿ ಉಂಟು.” ಆಗಿನದ್ದು ವಾಕ್ಸ್.

ಮನೆಯಲ್ಲಿ ಬರಿಗಾಲು ಅಲ್ವಾ, ಅದೊಂದು ಬೇರೆ ಕಥೆ. ವಾ ಆನ್ ಮಾಡಲು ಪೆಡಲಿನ ಮೂತಿಯನ್ನು ಜೋರಾಗಿ ಒತ್ತಿ ಅಡಿಯಲ್ಲಿರುವ ಸ್ವಿಚ್ಚನ್ನು ಕ್ಲಿಕ್ ಅನ್ನಿಸಬೇಕು. ರಿಹರ್ಸಲ್‌ನಲ್ಲಿ ಬೂಟಿನ ಭಾರಕ್ಕೆ ಎರಡೂ ಸುಲಭವಾಗಿ ಬಿದ್ದವು. ಮನೆಯಲ್ಲಿ ಹೆಬ್ಬೆರಳ ಬುಡ ಕೆಂಪಾಯಿತು.

ಅಮ್ಮನ ತೀರ್ಪಿಗೇ ನಾನೂ ಒಪ್ಪುತ್ತಿದ್ದೆನೇನೋ, ಸದ್ದನ್ನು ಒರಟು ಮಾಡುವ ಫಜ್ ಪೆಡಲ್ ಇಲ್ಲದೆ ಹೋಗಿದ್ದರೆ. ನನ್ನ ಫಜ್ ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರ್ ಜಾತಿಯದ್ದು. ಅದಕ್ಕೆ ಗಿಟಾರ್ ನೇರವಾಗಿ ಸಿಕ್ಕಬೇಕು. ಆಗ ಗಿಟಾರಿನ ವಾಲ್ಯೂಮ್ ಇಳಿಸಿದರೆ ಸದ್ದು ತಿಳಿಯಾಗುತ್ತದೆ. ವಾಕ್ಸ್‌ನಲ್ಲಿ ಬಫರ್ ಇದೆ, ಗಿಟಾರಿನ ಸಿಗ್ನಲ್ಲಿಗೆ ಬಲ ಕೊಟ್ಟು ಮುಂದಕ್ಕೆ ಕಳಿಸುವ ಪುಟ್ಟ ಸರ್ಕ್ಯೂಟ್. ಆಫ್ ಮಾಡಿದರೂ ಅದು ಮಧ್ಯೆ ನಿಂತೇ ಇರುತ್ತದೆ, ವಾಲ್ಯೂಮ್ ಇಳಿಸಿದರೂ ಫಜ್ ಗರಗರ ಅನ್ನುವುದು ಬಿಡಲಿಲ್ಲ. ಕ್ರೈ ಬೇಬಿ ಕ್ಲಾಸಿಕ್‌ನಲ್ಲಿ ಟ್ರೂ ಬೈಪಾಸ್. ಆಫ್ ಮಾಡಿದರೆ ಮಧ್ಯೆ ಇಲ್ಲವೇ ಇಲ್ಲ ಅನ್ನುವ ಹಾಗೆ. ಆದರೆ ವಾ ಆನ್ ಮಾಡಿದಾಗ, ಅದರ ನಂತರ ಇಂಥ ಫಜ್ ಇದ್ದರೆ ಎರಡೂ ವಾಗಳ ಓಟ ಕುಗ್ಗಿತು. ಫಜ್ ಮೊದಲು, ವಾ ಆಮೇಲೆ ಅಂತ ತಂತಿ ಬದಲಿಸಿದ ಮೇಲೆ ಬಾಯಿ ತೆರೆದವು. ಹಾಗೆ ಬದಲಿಸಿದರೆ ಬಫರ್ ತಕರಾರೂ ಹೋಗುತ್ತದೆ. ಆದರೆ ನನಗೆ ವಾ ಮೊದಲು, ಫಜ್ ಆಮೇಲೆ ಇರುವ ಒರಟು ಸದ್ದೇ ಇಷ್ಟ, ಏನು ಮಾಡಲಿ. ಹಾಗಾಗಿ ನನಗೆ ಕ್ರೈ ಬೇಬಿಯೇ ಸರಿ.

ಫಜ್ ಇಲ್ಲದವರಿಗೆ, ಉದ್ದ ಕೇಬಲ್ ಎಳೆದು ಸ್ಟೇಜಲ್ಲಿ ನುಡಿಸುವವರಿಗೆ ಬಫರ್ ಒಳ್ಳೆಯದೇ. ಉದ್ದ ಕೇಬಲ್‌ನಲ್ಲಿ ಹೈ, ಅಂದರೆ ಚೂಪು ಸದ್ದು, ಸೋರಿಹೋಗುವುದನ್ನು ಅದು ತಡೆಯುತ್ತದೆ. ಅಂಥವರು ವಾಕ್ಸ್ ತಗೊಳ್ಳಿ.

ಜುಲೈ ತೇವಕ್ಕೆ ಇವೆರಡೂ ಸುಮ್ಮನಿದ್ದವು. ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಪೆಡಲ್ ತಂದಿದ್ದೆ, ಹೆಸರು ಬೇಡ. ಎರಡನೇ ಮಳೆಗಾಲಕ್ಕೆ ಅದರ ಪಾಟ್ ಕೆಮ್ಮುವುದಕ್ಕೆ ಶುರುಮಾಡಿತ್ತು. ಈಗ ನುಡಿಸಿ ಆದಮೇಲೆ ಪೆಡಲನ್ನು ಹಳೇ ಪಂಚೆಯಲ್ಲಿ ಸುತ್ತಿಡುತ್ತೇನೆ. ಇನ್‌ಪುಟ್ ಕೇಬಲ್ ಕೀಳುವುದನ್ನೂ ಮರೆಯುವುದಿಲ್ಲ, ಅದು ಚುಚ್ಚಿಕೊಂಡೇ ಇದ್ದರೆ ಒಳಗಿನ 9 ವೋಲ್ಟ್ ಬ್ಯಾಟರಿ ರಾತ್ರಿಯಿಡೀ ಉರಿಯುತ್ತಿರುತ್ತದೆ.

ವಾಕ್ಸ್ ಇನ್ನೂ ವಾಪಸ್ ಕೊಟ್ಟಿಲ್ಲ. ಎರಡು ವಾರ ಆರು ವಾರ ಆಯಿತು. ಅಮ್ಮ ಹತ್ತಿರ ಇದ್ದಾಗ ಅದನ್ನೇ ನುಡಿಸುತ್ತೇನೆ.